ಮಳೆಗಾಲದಲ್ಲಿ ನಿಂತುಹೋಗುವ ಕಬ್ಬಿಣದ ಸಿರಪ್: ಉಡುಪಿ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಉಡುಪಿ ಜಿಲ್ಲಾಧಿಕಾರಿಯವರಿಗೆ, ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರಿಗೆ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಿಗೆ

ಮಾನ್ಯರೇ,

ಈ ಜಿಲ್ಲೆಯ ಕರಾವಳಿಯ ಉಪಕೇಂದ್ರಗಳಲ್ಲಿ ಮೂವತ್ತೊಂದು ವರ್ಷ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಈಗ ಆ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ದೊಡ್ಡ ಹೆಸರು ಬಂದಿದೆಯಾದರೂ ಮನೆಮನೆಯವರು ಅಂದಿನಂತೆ ಇಂದಿಗೂ ಸಿಸ್ಟರ್ ಎಂದೇ ಕರೆಯುತ್ತಾರೆ. ಐದು ವರ್ಷದೊಳಗಿನ ಮಕ್ಕಳ ಎರಡು ತೊಂದರೆಗಳನ್ನು ನಾವು ಎರಡು ಬೇರೆ ಬೇರೆ ಪುಸ್ತಕಗಳಲ್ಲಿ ಬರೆದುಕೊಂಡು ಬಂದಿದ್ದೇವೆ. ಒಂದು, ಕಬ್ಬಿಣಾಂಶದ ಕೊರತೆಯಿಂದ ಬರುವ ರಕ್ತಹೀನತೆ. ಇನ್ನೊಂದು, ಮಳೆ ಹಿಡಿದ ಮೇಲೆ ಶೀತದಲ್ಲಿ ಶುರುವಾಗಿ ಎದೆ ಗುರುಗುರು ಎಂದು ದಮ್ಮು ಕಟ್ಟುವ ಉಸಿರಾಟದ ಸೋಂಕು. ಆ ಎರಡು ಪುಸ್ತಕಗಳಲ್ಲಿ ಎಷ್ಟೋ ಸಲ ಒಂದೇ ಮಗುವಿನ ಹೆಸರಿರುತ್ತದೆ. ಅದನ್ನು ಕಾಣಲು ನನಗೆ ನಿವೃತ್ತಿಯಾಗಿ ನನ್ನ ಮೊಮ್ಮಗನ ಸರದಿ ಬರುವವರೆಗೆ ಕಾಯಬೇಕಾಯಿತು ಎಂಬುದನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತಿದ್ದೇನೆ.

ಸಿರಪ್ ಬಾಟಲಿಯಿಂದಲೇ ಆರಂಭಿಸುತ್ತೇನೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಂತೆ ಆರು ತಿಂಗಳಿಂದ ಐದು ವರ್ಷದವರೆಗಿನ ಪ್ರತಿ ಮಗುವಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಸಿರಪ್ ಕೊಡಬೇಕು. ಆ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಕಬ್ಬಿಣವೂ 100 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತದೆ. ಬಾಟಲಿ 50 ಮಿಲಿಲೀಟರಿನದು. ಲೆಕ್ಕ ಹಾಕಿದರೆ ಇಪ್ಪತ್ತೈದು ವಾರಕ್ಕೆ ಅದು ಮುಗಿಯಬೇಕು. ಅಂದರೆ ಏಪ್ರಿಲ್ ನಡುವಿನ ಬಿಸು ಹಬ್ಬದ ದಿನ ಮುಚ್ಚಳ ತೆರೆದ ಬಾಟಲಿ ನವರಾತ್ರಿಯ ಹೊತ್ತಿಗೆ ಖಾಲಿಯಾಗಿರಬೇಕು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನವರಾತ್ರಿಯ ಆಸುಪಾಸಿನಲ್ಲಿ ಮನೆ ಭೇಟಿಗೆ ಹೋದಾಗ ಬಾಟಲಿ ತರಿಸಿ ಬೆಳಕಿಗೆ ಹಿಡಿದು ನೋಡುವುದನ್ನು ರೂಢಿ ಮಾಡಿಕೊಂಡಿದ್ದೆ. ಅರ್ಧಕ್ಕಿಂತ ಕೆಳಗೆ ಇಳಿದ ಬಾಟಲಿ ಅಪರೂಪ. ಏಕೆ ಕೊಡಲಿಲ್ಲ ಎಂದು ಕೇಳಿದರೆ ಹೆಚ್ಚಿನ ತಾಯಂದಿರ ಉತ್ತರ ಒಂದೇ: ‘ಮಗುವಿಗೆ ಶೀತ ಇತ್ತಲ್ಲ ಸಿಸ್ಟರ್, ಹಾಗೆ ನಿಲ್ಲಿಸಿದ್ದು.’

ಅವರು ನಿಲ್ಲಿಸಿದ್ದು ತಪ್ಪಲ್ಲ. ಜ್ವರ, ಭೇದಿ, ನ್ಯುಮೋನಿಯಾದಂಥ ಕಾಯಿಲೆ ಜೋರಾಗಿರುವ ದಿನಗಳಲ್ಲಿ ಸಿರಪ್ ಕೊಡಬಾರದೆಂದು ಕಾರ್ಯಕ್ರಮದ ಮಾರ್ಗಸೂಚಿಯೇ ಹೇಳುತ್ತದೆ, ಅದನ್ನು ಅವರಿಗೆ ಹೇಳಿಕೊಟ್ಟವರೂ ನಾವೇ. ಮತ್ತೆ ಯಾವ ದಿನದಿಂದ ಶುರು ಮಾಡಬೇಕೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ, ಯಾವ ಚೀಟಿಯಲ್ಲೂ ಬರೆಯುವುದಿಲ್ಲ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತವಾಗುವುದು ಸಹಜ. ನಮ್ಮ ಕಡೆ ಅದರ ದೊಡ್ಡ ಪಾಲು ಜೂನ್‌ನಿಂದ ಅಕ್ಟೋಬರಿನೊಳಗೆ ಬರುತ್ತದೆ. ಜೂನ್‌ನಲ್ಲಿ ಶೀತಕ್ಕೆಂದು ನಿಂತ ಸಿರಪ್ ಜುಲೈಯಲ್ಲಿ ಶುರುವಾಗುವಷ್ಟರಲ್ಲಿ ಮತ್ತೊಂದು ಶೀತ. ಆಮೇಲೆ ಬಾಟಲಿ ಫ್ರಿಜ್ಜಿನ ಮೇಲೋ ದೇವರ ಕೋಣೆಯ ಮಾಡದಲ್ಲೋ ಕುಳಿತುಬಿಡುತ್ತದೆ.

ನನ್ನ ಮಗಳ ಮನೆ ಮಂಗಳೂರಿನಲ್ಲಿ. ಮೊಮ್ಮಗನಿಗೆ ಹದಿಮೂರು ತಿಂಗಳಾದಾಗ, ಮೊದಲ ಮಳೆಯ ವಾರದಲ್ಲಿ ಮೂಗು ಸೋರಿ ಎರಡನೆಯ ದಿನ ಉಬ್ಬಸ ಬಂತು. ಒಂದು ಕ್ಲಿನಿಕ್ಕಿನಲ್ಲಿ ಮಾಸ್ಕ್ ಇಟ್ಟು ನೆಬ್ಯುಲೈಸ್ ಮಾಡಿ ಕಳುಹಿಸಿದರು. ಜುಲೈಯಲ್ಲಿ ಮತ್ತೆ ಬಂದಾಗ ಮೂರು ದಿನ ಆಸ್ಪತ್ರೆಯಲ್ಲಿ ಇರಿಸಿದರು, ಎದೆಯ ಎಕ್ಸ್-ರೇ ತೆಗೆದರು. ಆಗಸ್ಟ್ ನಡುವೆ, ಆಟಿ ತಿಂಗಳ ಕೊನೆಗೆ ಮೂರನೆಯ ಸಲ. ಆಗ ಕರ್ತವ್ಯದಲ್ಲಿದ್ದ ಎಳೆಯ ವೈದ್ಯೆಯೊಬ್ಬಳು ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡಿ, ಅಂಗೈಯನ್ನು ತನ್ನ ಅಂಗೈಯ ಪಕ್ಕ ಹಿಡಿದು, ರಕ್ತಪರೀಕ್ಷೆಗೆ ಬರೆದಳು. ಹಿಮೋಗ್ಲೋಬಿನ್ 7.6, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 7.6 ಗ್ರಾಂ. ಆ ವಯಸ್ಸಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ನಾನು ಸಾವಿರಾರು ತಾಯಂದಿರಿಗೆ ಪಾಠ ಹೇಳಿದವಳು (ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎರಡು ವರ್ಷದೊಳಗಿನವರಿಗೆ ಇದನ್ನು 10.5ಕ್ಕೆ ಇಳಿಸಿದೆ). ಹಾಗಿದ್ದೂ ಮೊಮ್ಮಗ ಗೋಡೆಯ ಸುಣ್ಣ ಕೆರೆದು ನೆಕ್ಕುವುದನ್ನು (ಇದೂ ಕಬ್ಬಿಣದ ಕೊರತೆಯ ಒಂದು ಲಕ್ಷಣ) ನೋಡಿ ನಕ್ಕಿದ್ದೆ. ಬಿಳುಚಿಕೊಂಡ ಬಣ್ಣವನ್ನು ಅಪ್ಪನ ಕಡೆಯ ಬಿಳುಪು ಎಂದುಕೊಂಡಿದ್ದೆ. ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಪ್ಯಾಕೆಟ್ ಹಾಲು ಅವನ ಹೊಟ್ಟೆಗೆ ಹೋಗುತ್ತಿತ್ತು. ಸಿರಪ್ ಬಾಟಲಿ ಮುಕ್ಕಾಲು ತುಂಬಿಕೊಂಡು ಫ್ರಿಜ್ಜಿನ ಮೇಲಿತ್ತು.

ಮೊದಲೆರಡು ಸಲ ನೋಡಿದವರು ಉಸಿರಾಟವನ್ನು ನೋಡಿದರು, ಸರಿಯಾಗಿಯೇ ನೋಡಿದರು. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ 96 ಇದೆ, ಹೆದರಬೇಡಿ ಎಂದರು, ನಾನೂ ಸಮಾಧಾನಪಟ್ಟೆ. ಇಲ್ಲಿ ಒಂದು ಸೂಕ್ಷ್ಮ ವಿಷಯವಿದೆ, ಅದನ್ನು ನಮ್ಮ ತರಬೇತಿಗಳಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಆ ಯಂತ್ರ ತೋರಿಸುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಭಾಗ ಆಮ್ಲಜನಕ ಹೊತ್ತಿದೆ ಎಂಬುದನ್ನು ಮಾತ್ರ. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರಬಲ್ಲದ್ದು ಸುಮಾರು 1.34 ಮಿಲಿಲೀಟರ್ ಆಮ್ಲಜನಕ. ಹಿಮೋಗ್ಲೋಬಿನ್ 12 ಇರುವ ಮಗುವಿನ 100 ಮಿಲಿಲೀಟರ್ ರಕ್ತ ಹೆಚ್ಚೆಂದರೆ ಸುಮಾರು 16 ಮಿಲಿಲೀಟರ್ ಆಮ್ಲಜನಕ ಒಯ್ಯುತ್ತದೆ. 8 ಇರುವ ಮಗುವಿನದು 11ರ ಒಳಗೆ. ಹತ್ತು ಬಸ್ಸುಗಳಲ್ಲಿ ಒಂದೂ ಖಾಲಿ ಹೋಗುತ್ತಿಲ್ಲ ಎಂದು ಸಂತೋಷಪಡುವಾಗ ಆ ದಾರಿಯಲ್ಲಿ ಹದಿನೈದು ಬಸ್ಸುಗಳು ಓಡಬೇಕಿತ್ತು ಎಂಬುದು ಮರೆತುಹೋದಂತೆ. ಶ್ವಾಸನಾಳಗಳು ಊದಿಕೊಂಡು ಕಫ ಕಟ್ಟಿದಾಗ ಅಂಥ ಮಗು ಇತರರಿಗಿಂತ ಬೇಗ ಸುಸ್ತಾಗುತ್ತದೆ, ಎದೆ ಬಡಿತ ಏರುತ್ತದೆ, ಮೊಲೆ ಚೀಪುವ ಶಕ್ತಿಯೂ ಉಳಿಯುವುದಿಲ್ಲ.

ಕಬ್ಬಿಣದ ಕೆಲಸ ಆಮ್ಲಜನಕ ಹೊರುವುದಕ್ಕೇ ಮುಗಿಯುವುದಿಲ್ಲ. ರೋಗಾಣುಗಳನ್ನು ನುಂಗಿ ಕೊಲ್ಲುವ ಬಿಳಿರಕ್ತಕಣಗಳ ಕಿಣ್ವಗಳಿಗೂ, ಸೋಂಕಿನ ವಿರುದ್ಧ ದ್ವಿಗುಣಗೊಳ್ಳಬೇಕಾದ ಇನ್ನೊಂದು ಬಗೆಯ ಬಿಳಿರಕ್ತಕಣಗಳಾದ ಲಿಂಫೋಸೈಟ್‌ಗಳಿಗೂ ಅದು ಬೇಕು. ಮತ್ತೊಂದು ದಿಕ್ಕಿನಿಂದ, ಸೋಂಕು ತಗಲಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಅದು ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ದಾರಿಯನ್ನು ಮುಚ್ಚುತ್ತದೆ, ದಾಸ್ತಾನಿನಲ್ಲಿರುವುದನ್ನೂ ಹೊರಗೆ ಬಿಡುವುದಿಲ್ಲ. ರೋಗಾಣುವಿಗೂ ಬೆಳೆಯಲು ಕಬ್ಬಿಣ ಬೇಕಾದ್ದರಿಂದ ಶರೀರ ಅದನ್ನು ಬಚ್ಚಿಡುವ ಉಪಾಯವಿದು. ಶೀತ ಬಂದು ಹೋಗಿ ಮತ್ತೆ ಬರುವ ಮಗುವಿನಲ್ಲಿ ಈ ಬಾಗಿಲು ಮಳೆಗಾಲದ ಉದ್ದಕ್ಕೂ ಪದೇ ಪದೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಎರಡು ಶೀತಗಳ ನಡುವೆ ಸಿಗುವ ಹತ್ತು ಹದಿನೈದು ದಿನಗಳು ಬಹಳ ಬೆಲೆಯುಳ್ಳವು, ಮತ್ತು ನಾವು ಕಳೆದುಕೊಳ್ಳುತ್ತಿರುವುದು ನಿಖರವಾಗಿ ಅವನ್ನೇ.

ರಕ್ತ ಸರಿಪಡಿಸಿದರೆ ದಮ್ಮು ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಭಾರತವೂ ಸೇರಿದಂತೆ ಹಲವು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಶ್ವಾಸಕೋಶದ ಸೋಂಕಿನಿಂದ ದಾಖಲಾದ ಮಕ್ಕಳಲ್ಲಿ ರಕ್ತಹೀನತೆ ಆರೋಗ್ಯವಂತ ಮಕ್ಕಳಿಗಿಂತ ಹೆಚ್ಚು ಕಂಡುಬಂದಿದೆ. ಆದರೆ ಬಡತನ, ಹೊಗೆ, ಕಡಿಮೆ ತೂಕದ ಜನನ ಇವು ಎರಡಕ್ಕೂ ಕಾರಣವಾಗುವುದರಿಂದ ಯಾವುದು ಮೊದಲು ಎಂದು ಇಂಥ ಅಧ್ಯಯನಗಳಿಂದ ತೀರ್ಮಾನಿಸಲಾಗದು. ದೆಹಲಿಯ ವೈದ್ಯರು 28 ಪ್ರಯೋಗಗಳನ್ನು ಒಟ್ಟುಗೂಡಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ, ಕಬ್ಬಿಣ ಕೊಟ್ಟದ್ದರಿಂದ ಒಟ್ಟಾರೆ ಸೋಂಕುಗಳು ಹೆಚ್ಚಲಿಲ್ಲ, ಭೇದಿ ಮಾತ್ರ ಸ್ವಲ್ಪ ಹೆಚ್ಚಿತು ಎಂದು ಕಂಡಿದೆ. ನನ್ನ ಮೊಮ್ಮಗನಿಗೂ ಮರುವರ್ಷದ ಮಳೆಗೆ ಒಮ್ಮೆ ಉಬ್ಬಸ ಬಂತು. ಆಸ್ಪತ್ರೆಗೆ ಸೇರಿಸಬೇಕಾಗಲಿಲ್ಲ ಅಷ್ಟೆ, ಅದು ವಯಸ್ಸಿನಿಂದಲೋ ರಕ್ತದಿಂದಲೋ ಯಾರು ಬಲ್ಲರು. ಆದರೂ ರಕ್ತಹೀನತೆಯನ್ನು ಹುಡುಕಬೇಕಾದ ಕಾರಣ ದಮ್ಮಿಗಿಂತ ದೊಡ್ಡದು. ಎರಡು ವರ್ಷದೊಳಗಿನ ಮಿದುಳಿಗೆ ಕಬ್ಬಿಣ ಸಾಲದೆ ಹೋದರೆ ಕಲಿಕೆ, ನಡವಳಿಕೆಗಳ ಮೇಲೆ ಆಗುವ ಹಾನಿ ಮುಂದೆ ಸಿರಪ್ ಕುಡಿಸಿದರೂ ಪೂರ್ತಿ ತುಂಬಿಬರುವುದಿಲ್ಲ. ದಮ್ಮು ನಮಗೆ ಕೊಡುವುದು ಒಂದು ಅವಕಾಶ: ಬಿಳುಚಿಕೊಂಡ ಮಗುವನ್ನು ಯಾರೂ ಆಸ್ಪತ್ರೆಗೆ ಎತ್ತಿಕೊಂಡು ಬರುವುದಿಲ್ಲ, ದಮ್ಮು ಕಟ್ಟಿದ ಮಗುವನ್ನು ನಡುರಾತ್ರಿಯಲ್ಲಾದರೂ ತರುತ್ತಾರೆ.

ಸಂಖ್ಯೆಗಳ ಬಗ್ಗೆ ಎರಡು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಈ ವಯಸ್ಸಿನ ಮಕ್ಕಳಲ್ಲಿ ಶೇ. 67.1, ಕರ್ನಾಟಕದಲ್ಲಿ ಶೇ. 65.5 ರಕ್ತಹೀನರು. ಅದಕ್ಕಿಂತ ಮುಂಚೆ 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆ ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ. 41 ಎಂದಿತ್ತು. ಮೊದಲಿನದು ಬೆರಳು ಚುಚ್ಚಿ ತೆಗೆದ ಹನಿಯಿಂದ, ಎರಡನೆಯದು ನರದಿಂದ ತೆಗೆದ ರಕ್ತದಿಂದ ಅಳೆದದ್ದು. ಬೆರಳನ್ನು ಹಿಂಡಿ ತೆಗೆದರೆ ಹನಿ ತೆಳುವಾಗುತ್ತದೆಂಬುದು ಹಿಮೋಗ್ಲೋಬಿನ್ ಅಳೆಯುವ ಹಳೆಯ ಸಾಹ್ಲಿ ಕೊಳವೆಯ ಕಾಲದಿಂದ ಈ ಕೆಲಸ ಮಾಡಿದ ನನಗೆ ಹೊಸತೇನಲ್ಲ. ಯಾವುದು ಸರಿ ಎಂದು ತಜ್ಞರು ಚರ್ಚಿಸಲಿ. ಚಿಕ್ಕ ಸಂಖ್ಯೆಯನ್ನೇ ಹಿಡಿದರೂ ಅಂಗನವಾಡಿಯ ಚಾಪೆಯ ಮೇಲೆ ಕುಳಿತ ಹತ್ತು ಮಕ್ಕಳಲ್ಲಿ ನಾಲ್ವರು.

ಉಡುಪಿ ಸಾಕ್ಷರ ಜಿಲ್ಲೆ, ಆಸ್ಪತ್ರೆಗಳಿಗೆ ಹೆಸರಾದ ಊರು, ಇಲ್ಲಿ ಇಂಥದ್ದೆಲ್ಲ ಕಡಿಮೆ ಎಂಬ ಭಾವನೆ ನಿಮ್ಮಲ್ಲೂ ಇರಬಹುದು, ನನ್ನಲ್ಲೂ ಇತ್ತು. ಆದರೆ ನಮ್ಮ ಮಕ್ಕಳ ತಟ್ಟೆಯನ್ನೊಮ್ಮೆ ನೋಡಬೇಕು. ತಾಯಿಯ ಹೊಟ್ಟೆಯಿಂದ ತಂದ ಕಬ್ಬಿಣದ ದಾಸ್ತಾನು ತಿಂಗಳು ತುಂಬಿ ಹುಟ್ಟಿದ ಮಗುವಿಗೂ ಆರು ತಿಂಗಳಿನಾಚೆ ಸಾಲುವುದಿಲ್ಲ. ಅಲ್ಲಿಂದ ಮುಂದೆ ನಮ್ಮ ಮನೆಗಳಲ್ಲಿ ಕೊಡುವುದು ಕುಚ್ಚಲಕ್ಕಿ ಗಂಜಿಯ ತೆಳಿ, ಹಾಲಿನಲ್ಲಿ ಅದ್ದಿದ ಬಿಸ್ಕತ್ತು ಮತ್ತು ರಾಗಿ ಮಣ್ಣಿ. ಮಣ್ಣಿ ಒಳ್ಳೆಯದೇ, ಆದರೆ ರಾಗಿಯನ್ನು ರುಬ್ಬಿ ಬಟ್ಟೆಯಲ್ಲಿ ಸೋಸಿ ತೆಗೆಯುವಾಗ ಹೊಟ್ಟಿನೊಂದಿಗೆ ಕಬ್ಬಿಣದ ಒಂದು ಪಾಲೂ ಹೋಗುತ್ತದೆ, ಉಳಿದದ್ದನ್ನು ಫೈಟೇಟ್ ಎಂಬ ಅಂಶ ಹಿಡಿದುಕೊಳ್ಳುತ್ತದೆ. ನೆನೆಸಿ ಮೊಳಕೆ ಬರಿಸಿದ ರಾಗಿಯಾದರೆ ಅದರ ಹಿಡಿತ ಸಡಿಲವಾಗುತ್ತದೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಕುಡಿಯುವ ಮಗು ಬೇರೆ ಆಹಾರಕ್ಕೆ ಬಾಯಿ ತೆರೆಯುವುದಿಲ್ಲ. ಹಾಲಿನಲ್ಲಿ ಕಬ್ಬಿಣ ಅತ್ಯಲ್ಪ, ಅದರಲ್ಲಿರುವ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣಕ್ಕೂ ಅಡ್ಡಿ. ಎರಡು ವರ್ಷದ ಮಗುವಿಗೆ ಲೋಟದ ತಳದಲ್ಲಿ ಉಳಿದ ಚಾ ಕುಡಿಸುವುದು ನಮ್ಮಲ್ಲಿ ಮುದ್ದಿನ ಭಾಗವೇ ಆಗಿಹೋಗಿದೆ.

ಕರಾವಳಿಯವರಿಗೆ ಮೀನಿದೆಯಲ್ಲ ಎನ್ನಬಹುದು. ಮೀನಿನ ಕಬ್ಬಿಣ ಸುಲಭವಾಗಿ ಮೈಗೆ ಹಿಡಿಯುತ್ತದೆ, ಜೊತೆಗೆ ತಿಂದ ಅನ್ನ ಬೇಳೆಯ ಕಬ್ಬಿಣವನ್ನೂ ಹಿಡಿಸುತ್ತದೆ. ಹೊಳೆಯ ಮರುವಾಯಿ ಎಂಬ ಚಿಪ್ಪುಮೀನಂತೂ ಕಬ್ಬಿಣದ ಗಣಿ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಮಲ್ಪೆಯ ದಕ್ಕೆಯೇ ಬರಿದಾಗಿರುತ್ತದೆ, ಸಿಗುವ ಅಲ್ಪಸ್ವಲ್ಪದ ಬೆಲೆ ಕೂಲಿಯವರ ಕೈಗೆ ನಿಲುಕುವುದಿಲ್ಲ. ನಿಷೇಧ ಬೇಕಾದದ್ದೇ, ಆದರೆ ಮಕ್ಕಳಿಗೆ ದಮ್ಮು ಬರುವ ತಿಂಗಳುಗಳೂ ಅವೇ. ಅದರ ಮೇಲೆ ಶೀತ ಕೆಮ್ಮು ಇದ್ದಾಗ ಮೀನು ನಂಜು, ಮೊಟ್ಟೆ ನಂಜು ಎಂದು ಹಿರಿಯರು ತಡೆಯುತ್ತಾರೆ. ಈ ಮಾತನ್ನು ಮೂಢನಂಬಿಕೆ ಎಂದು ಮುಖಕ್ಕೆ ಹೇಳಿದ ದಿನ ನನಗೆ ಆ ಮನೆಯ ಬಾಗಿಲು ಮುಚ್ಚಿತು. ‘ಆಟಿಯಲ್ಲಿ ಹರಿವೆ, ತಜಂಕ್, ನುಗ್ಗೆಸೊಪ್ಪು ತಿನ್ನಬೇಕೆಂದು ನಿಮ್ಮ ಅತ್ತೆಯೇ ಹೇಳಿದ್ದಲ್ಲವೇ ಅಕ್ಕ, ಮಗುವಿಗೂ ಎರಡು ತುತ್ತು ಮಸೆದು ಕೊಡಿ, ಮೇಲಿಂದ ನಾಲ್ಕು ಹನಿ ಲಿಂಬೆ ಹಿಂಡಿ’ ಎಂದ ದಿನ ಅದೇ ಮನೆಯವರು ಕೇಳಿಸಿಕೊಂಡರು. ಹುರುಳಿ, ಅಲಸಂಡೆ, ಹೆಸರುಕಾಳುಗಳೂ ಹಾಗೆಯೇ. ಆದರೆ ಒಂದು ವರ್ಷದ ಮಗುವಿನ ಪುಟ್ಟ ಹೊಟ್ಟೆಗೆ ಸೊಪ್ಪಿನಿಂದಲೇ ಬೇಕಾದಷ್ಟು ಕಬ್ಬಿಣ ತುಂಬಲಾಗದು. ಸಿರಪ್ ಇರುವುದೇ ಅದಕ್ಕೆ.

ದಮ್ಮಿನ ಕಡೆಗೆ ಬರುತ್ತೇನೆ. ಎರಡು ವರ್ಷದೊಳಗೆ ಮೊದಲ ಬಾರಿ ಬರುವ ಉಬ್ಬಸಕ್ಕೆ ಹೆಚ್ಚಾಗಿ ಕಾರಣ ವೈರಸ್. ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ ಅವುಗಳಲ್ಲಿ ಮುಖ್ಯ. ಅದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಮಾಸ್ಕ್ ಇಟ್ಟು ಕೊಡುವ ಔಷಧವೂ ಈ ಎಳೆಯರಲ್ಲಿ ಹೆಚ್ಚಿನ ಪ್ರಯೋಜನ ಕೊಡುವುದಿಲ್ಲ. ಮೂಗು ಶುದ್ಧವಾಗಿಡುವುದು, ಸ್ವಲ್ಪ ಸ್ವಲ್ಪವೇ ಹಾಲು ನೀರು ಕುಡಿಸುತ್ತಿರುವುದು, ಅಗತ್ಯವಿದ್ದವರಿಗೆ ಆಮ್ಲಜನಕ, ಇಷ್ಟೇ ಮುಖ್ಯ ಚಿಕಿತ್ಸೆ. ಉಸಿರನ್ನು ಒಂದು ನಿಮಿಷ ಎಣಿಸುವುದನ್ನು ಪ್ರತಿ ತಾಯಿಗೂ ಕಲಿಸಬೇಕು: ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಇವನ್ನು ಮುಟ್ಟಿದರೆ ಅಥವಾ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದರೆ, ಮಗು ಕುಡಿಯದೆ ಮಂಕಾದರೆ, ಕಾಯದೆ ಆಸ್ಪತ್ರೆಗೆ. ಬದಲಾಗಿ ನಮ್ಮ ಮನೆಗಳಲ್ಲಿ ನಡೆಯುವುದು ಮೆಡಿಕಲ್‌ನಿಂದ ತಂದ ಕೆಮ್ಮಿನ ಸಿರಪ್. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತದ್ದನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದರು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲುಷಿತ ಸಿರಪ್ ಕುಡಿದ ಮಕ್ಕಳು ಸತ್ತ ಮೇಲೆ, 2025ರ ಅಕ್ಟೋಬರಿನಲ್ಲಿ ಎರಡು ವರ್ಷದೊಳಗಿನವರಿಗೆ ಕೆಮ್ಮಿನ ಸಿರಪ್ ಬೇಡವೆಂಬ ಸೂಚನೆಯೂ ಬಂತು. ವಿಚಿತ್ರವೆಂದರೆ, ಬೇಡವಾದ ಸಿರಪ್ಪಿನ ಬಾಟಲಿ ನಾಲ್ಕು ದಿನದಲ್ಲಿ ಖಾಲಿಯಾಗುತ್ತದೆ, ಬೇಕಾದದ್ದು ಮಾಡದಲ್ಲಿ ಉಳಿಯುತ್ತದೆ.

ಹೊಗೆಯ ವಿಷಯವನ್ನು ಬಿಡುವಂತಿಲ್ಲ. ಅಡುಗೆಗೆ ಗ್ಯಾಸ್ ಬಂದರೂ ಸ್ನಾನದ ನೀರಿಗೆ ಬಚ್ಚಲ ಒಲೆ ಇದ್ದೇ ಇದೆ. ಮಳೆಗಾಲದಲ್ಲಿ ಒದ್ದೆ ಮಡಲು, ಒದ್ದೆ ಸಿಪ್ಪೆ ಉರಿದು ಕೊಡುವುದು ಬೆಂಕಿಗಿಂತ ಹೆಚ್ಚು ಹೊಗೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ, ಒಣಗದ ಬಟ್ಟೆ, ಗೋಡೆಯ ಬೂಷ್ಟು. ಇವೆಲ್ಲದರ ಜೊತೆಗೆ ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳ ವಿಶೇಷವಾಗಿ ಬೀಡಿ. ತಾಯಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವಾಗ ಮಗು ಅದೇ ಚಾಪೆಯ ಮೇಲೆ ತೆವಳುತ್ತಿರುತ್ತದೆ. ಹೊಗೆಸೊಪ್ಪಿನ ಧೂಳು ಅದರ ಮೂಗಿಗೂ ಬಾಯಿಗೂ ಹೋಗುತ್ತದೆ. ಬೀಡಿ ಬಿಡಿ ಎಂದು ಹೇಳುವ ಬಾಯಿ ನನ್ನದಲ್ಲ, ಆ ದುಡ್ಡಿನಿಂದಲೇ ಎಷ್ಟೋ ಹೆಣ್ಣುಮಕ್ಕಳು ಓದಿದ್ದಾರೆ, ಮದುವೆಯಾಗಿದ್ದಾರೆ. ಮೊರವನ್ನು ಜಗಲಿಗೆ ಒಯ್ಯಿರಿ, ಕೈತೊಳೆದು ಮಗುವನ್ನು ಎತ್ತಿಕೊಳ್ಳಿ ಎಂದಷ್ಟೇ ಹೇಳುತ್ತಿದ್ದೆ. ಆ ತಾಯಿಯ ರಕ್ತವೂ ಒಂಬತ್ತರ ಆಸುಪಾಸಿನಲ್ಲಿರುವುದು ನಮ್ಮ ಪುಸ್ತಕದಲ್ಲಿ ಸಾಮಾನ್ಯ ಸಂಗತಿ.

ಈಗ ನನ್ನ ಕೋರಿಕೆಗಳು. ಮೊದಲನೆಯದೂ ಮುಖ್ಯವಾದುದೂ ಇದು: ಜಿಲ್ಲೆಯ ಯಾವುದೇ ಸರಕಾರಿ ಆಸ್ಪತ್ರೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಐದು ವರ್ಷದೊಳಗಿನ ಮಗು ಉಬ್ಬಸ ಅಥವಾ ನ್ಯುಮೋನಿಯಾದಿಂದ ಚಿಕಿತ್ಸೆ ಪಡೆದು ಹೊರಡುವಾಗ, ಕಬ್ಬಿಣದ ಸಿರಪ್ ಯಾವ ತಾರೀಕಿನಿಂದ ಮತ್ತೆ ಶುರುವಾಗಬೇಕು ಎಂಬುದನ್ನು ತಾಯಿ ಕಾರ್ಡಿನಲ್ಲಿ ಬರೆದೇ ಕಳುಹಿಸಬೇಕು. ಆ ದಿನ ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಿ ಮೊದಲ ಮಿಲಿಲೀಟರನ್ನು ತನ್ನ ಕಣ್ಣೆದುರು ಕುಡಿಸಬೇಕು; ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದು ತಿಂಗಳಿಗೆ ಅವಳ ಮನೆ ಭೇಟಿ ಈಗಾಗಲೇ ಕಡ್ಡಾಯವಿರುವುದರಿಂದ ಇದು ಹೊಸ ಹೊರೆಯಾಗದು, ಆದರೂ ಹೆಚ್ಚುವರಿ ಭೇಟಿಗೆ ಗೌರವಧನ ಕೊಡದೆ ಮಾಡಿಸುವುದು ನ್ಯಾಯವಲ್ಲ.

ಎರಡನೆಯದಾಗಿ, ಒಂದೇ ಮಳೆಗಾಲದಲ್ಲಿ ಎರಡನೆಯ ಸಲ ದಮ್ಮು ಕಟ್ಟಿ ಬಂದ ಪ್ರತಿ ಮಗುವಿನ ಹಿಮೋಗ್ಲೋಬಿನ್ ನೋಡಲೇಬೇಕು. ಮೈಯಲ್ಲಿರುವ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಜ್ವರದ ದಿನಗಳಲ್ಲಿ ಮೋಸ ಮಾಡುತ್ತದೆ, ಸೋಂಕಿನಲ್ಲಿ ಅದು ತಾನಾಗಿ ಏರುವುದರಿಂದ ಕೊರತೆ ಇದ್ದರೂ ಇಲ್ಲವೆಂದು ತೋರಬಹುದು. ಹೀಗಾಗಿ ಅಂದು ಹಿಮೋಗ್ಲೋಬಿನ್ ಸಾಕು, ಕಡಿಮೆ ಬಂದರೆ ಜ್ವರ ಇಳಿದ ಮೇಲೆ ಚಿಕಿತ್ಸೆಯ ಪ್ರಮಾಣದಲ್ಲಿ ಕಬ್ಬಿಣ ಶುರು ಮಾಡಿ ನಾಲ್ಕು ವಾರಕ್ಕೆ ಮತ್ತೆ ನೋಡಿದರಾಯಿತು. ಅಷ್ಟರಲ್ಲಿ ಒಂದು ಗ್ರಾಂ ಏರಿದ್ದರೆ ಕೊರತೆ ಕಬ್ಬಿಣದ್ದೇ. ಏರದಿದ್ದರೆ ಥಲಸೇಮಿಯಾ ಮುಂತಾದ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಗಳನ್ನು ಹುಡುಕಬೇಕು. ಹಿಮೋಗ್ಲೋಬಿನ್ ಸರಿಯಾದ ಮೇಲೂ ದಾಸ್ತಾನು ತುಂಬಲು ಎರಡು ಮೂರು ತಿಂಗಳು ಔಷಧ ಮುಂದುವರಿಯಬೇಕು ಎಂಬುದನ್ನು, ಮಲ ಕಪ್ಪಾಗುವುದು ಸಹಜ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸದಿದ್ದರೆ ಎರಡನೆಯ ವಾರಕ್ಕೇ ನಿಲ್ಲಿಸಿಬಿಡುತ್ತಾರೆ. ನೆರೆಯ ಮಂಗಳೂರಿನವರಿಗೆ ಇನ್ನೊಂದು ಎಚ್ಚರ ಅಗತ್ಯ. ಅಲ್ಲಿ ಮಲೇರಿಯಾ ಬಹುಕಾಲ ಬೀಡುಬಿಟ್ಟ ಕಾಯಿಲೆ. ಜಾಂಜಿಬಾರಿನ ಪೆಂಬಾ ದ್ವೀಪದಲ್ಲಿ ಮಲೇರಿಯಾದ ನಡುವೆ ಎಲ್ಲ ಮಕ್ಕಳಿಗೂ ಕಬ್ಬಿಣ ಕೊಟ್ಟಾಗ ಆಸ್ಪತ್ರೆ ಸೇರುವವರೂ ಸಾಯುವವರೂ ಹೆಚ್ಚಾದರೆಂದು 2006ರಲ್ಲಿ ವರದಿಯಾಗಿತ್ತು. ಜ್ವರವಿರುವ ಮಗುವಿಗೆ ಮಲೇರಿಯಾ ಇದೆಯೇ ಎಂದು ನೋಡುವ ರಕ್ತಲೇಪನ ಪರೀಕ್ಷೆ ಮೊದಲು, ಕಬ್ಬಿಣ ಆಮೇಲೆ.

ಮೂರನೆಯದು ಪಂಚಾಂಗದ ಪ್ರಶ್ನೆ. ನ್ಯುಮೋನಿಯಾ ತಡೆಯಲು 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಸಾನ್ಸ್’ ಅಭಿಯಾನ ನವೆಂಬರ್ 12ರಿಂದ ಫೆಬ್ರವರಿ 28ರವರೆಗೆ ನಡೆಯುತ್ತದೆ. ಅದು ಉತ್ತರದ ಚಳಿಗಾಲಕ್ಕೆ ಹೊಂದುವ ಲೆಕ್ಕ. ನಮ್ಮಲ್ಲಿ ಮಕ್ಕಳ ವಾರ್ಡಿನ ಮಂಚ ತುಂಬುವುದು ಜೂನ್‌ನಿಂದ ಅಕ್ಟೋಬರ್. ನವೆಂಬರಿನಲ್ಲಿ ಭಿತ್ತಿಪತ್ರ ಅಂಟಿಸಿ ಉಸಿರು ಎಣಿಸುವುದನ್ನು ಕಲಿಸುವಾಗ ಎಣಿಸಬೇಕಾದ ಉಸಿರು ಆಗಲೇ ಶಾಂತವಾಗಿರುತ್ತದೆ. ಕೇಂದ್ರದ ಅಭಿಯಾನ ಅದರ ಪಾಡಿಗೆ ನಡೆಯಲಿ, ಜಿಲ್ಲೆಯ ಮಟ್ಟದಲ್ಲಿ ಮೇ ಕೊನೆಯ ವಾರದಲ್ಲಿ ಇನ್ನೊಂದು ಸುತ್ತನ್ನು ನೀವೇ ನಡೆಸಬಹುದು. ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ಹೋಗುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ಒಂದು ಭೇಟಿ ಏಪ್ರಿಲ್‌ನಲ್ಲೇ ಆಗಿ, ಬಿಳುಚಿಕೊಂಡ ಮಕ್ಕಳ ಹಿಮೋಗ್ಲೋಬಿನ್ ಮಳೆಗೆ ಮುಂಚೆ ಗೊತ್ತಾದರೆ ಇನ್ನೂ ಒಳ್ಳೆಯದು.

ಅಂಗನವಾಡಿ ಟೀಚರ್‌ಗಳಿಗೆ ಒಂದು ಸಣ್ಣ ಸೂಚನೆ ಹೋದರೆ ಸಾಕು: ಸಿರಪ್ಪನ್ನು ಕ್ಷೀರಭಾಗ್ಯದ ಹಾಲಿ‌ನ ಜೊತೆ ಕೊಡಬಾರದು. ಮಕ್ಕಳು ಒಟ್ಟಿಗೆ ಸಿಗುವ ಹೊತ್ತು ಅದೆಂದು ಹಾಲು ಕುಡಿದ ಬಾಯಿಗೇ ಹಾಕುವುದನ್ನು ನಾನು ನೋಡಿದ್ದೇನೆ, ನನ್ನ ಎದುರು ನಡೆದಾಗ ನಾನೂ ತಡೆದಿರಲಿಲ್ಲ. ಊಟವಾಗಿ ಒಂದಷ್ಟು ಹೊತ್ತಿನ ಮೇಲೆ, ಮಂಗಳವಾರ ಮತ್ತು ಶುಕ್ರವಾರ ಎಂದು ದಿನ ಗೊತ್ತುಮಾಡಿದರೆ ಮನೆಯಲ್ಲಿರುವ ಚಿಕ್ಕ ಮಕ್ಕಳ ತಾಯಂದಿರಿಗೂ ನೆನಪಿರುತ್ತದೆ. ಹೆರಿಗೆ ಕೋಣೆಯವರಿಗೂ ಒಂದು ಮಾತು: ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ತಡೆದು ಕತ್ತರಿಸಿದರೆ ಮಗುವಿಗೆ ತಿಂಗಳುಗಟ್ಟಲೆ ಸಾಲುವ ಕಬ್ಬಿಣ ಪುಕ್ಕಟೆಯಾಗಿ ಸಿಗುತ್ತದೆ. ಗಡಿಬಿಡಿಯಲ್ಲಿ ನಾವು ಅದನ್ನೂ ಉಳಿಸಿಕೊಳ್ಳುವುದಿಲ್ಲ.

ತಾಯಿ ಕಾರ್ಡಿನಲ್ಲಿ ಹೊಸ ಸಾಲು ಸೇರಿಸಲು ಬೆಂಗಳೂರಿನಿಂದ ಒಪ್ಪಿಗೆ ಬರಬೇಕು, ಮುದ್ರಣಕ್ಕೆ ವರ್ಷ ಹಿಡಿಯುತ್ತದೆ ಎಂಬ ಉತ್ತರವನ್ನು ನಾನು ಊಹಿಸಬಲ್ಲೆ, ಸೇವೆಯಲ್ಲಿದ್ದಾಗ ಅಂಥ ಉತ್ತರಗಳನ್ನು ಬರೆದವಳೂ ಹೌದು. ಅಲ್ಲಿಯವರೆಗೆ ಒಂದು ರಬ್ಬರ್ ಸ್ಟ್ಯಾಂಪ್ ಸಾಕಾಗುತ್ತದೆ: ‘ಕಬ್ಬಿಣದ ಸಿರಪ್ ಮತ್ತೆ ಶುರು ಮಾಡುವ ದಿನಾಂಕ’ ಎಂದು ಬರೆದು ಮುಂದೆ ಒಂದು ಖಾಲಿ ಗೆರೆ. ಅದರ ಒಂದು ಮಾದರಿಯನ್ನು ನಾನೇ ಮಾಡಿಸಿದ್ದೇನೆ. ನಿಮ್ಮಲ್ಲಿ ಯಾರಾದರೂ ಸಮಯ ಕೊಟ್ಟರೆ ಮಣಿಪಾಲದ ರಜತಾದ್ರಿಯ ಜಿಲ್ಲಾಡಳಿತ ಕಚೇರಿಗೆ ಬಂದು, ಮುಕ್ಕಾಲು ತುಂಬಿದ ಆ ಬಾಟಲಿಯ ಜೊತೆ ಅದನ್ನೂ ತೋರಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ
ಉಡುಪಿ ಜಿಲ್ಲೆ